ಮುಷ್ಟಿಗೆ ಮೊದಲು ಕಲಿಕೆ: ಕುಂಗ್ ಫೂ ಸೇಡಿನ ಚಿತ್ರಗಳು ಮತ್ತು ಬೆಳಗಾವಿ ಸೀಮೆಯ ಕಥೆಗಳು

(ಬೆಳಗಾವಿಯಲ್ಲಿ ನೀಡಿದ ದತ್ತಿ ಉಪನ್ಯಾಸದ ಮುದ್ರಿತ ರೂಪ)



ದತ್ತಿ ಉಪನ್ಯಾಸವೆಂದರೆ ವಚನ, ಕೀರ್ತನೆ, ಜಾನಪದ, ಏಕೀಕರಣ ಇಂಥ ವಿಷಯಗಳನ್ನು ನೀವು ನಿರೀಕ್ಷಿಸುವುದು ಸಹಜ. ನಾನು ಆರಿಸಿಕೊಂಡಿರುವುದು ಹಾಂಗ್‌ಕಾಂಗಿನ ಕುಂಗ್ ಫೂ ಸೇಡಿನ ಚಿತ್ರಗಳನ್ನು. 1960ರ ದಶಕದ ನಡುವಿನಿಂದ 1970ರ ದಶಕದ ಕೊನೆಯವರೆಗೆ ಅಲ್ಲಿ ತಯಾರಾಗಿ ಜಗತ್ತೆಲ್ಲ ಸುತ್ತಿದ ಚಿತ್ರಗಳವು. ಆ ಚಿತ್ರಗಳ ನಾಯಕನಟ ಬ್ರೂಸ್ ಲೀ ತೀರಿಕೊಂಡದ್ದು 1973ರ ಜುಲೈ 20ರಂದು. ಅವನು ಸತ್ತ ಎಷ್ಟೋ ವರ್ಷಗಳ ಮೇಲೂ ನಮ್ಮ ಕಡೆಯ ಕಟಿಂಗ್ ಅಂಗಡಿಗಳಲ್ಲಿ, ವ್ಯಾಯಾಮಶಾಲೆಗಳಲ್ಲಿ, ಹುಡುಗರ ಕೋಣೆಗಳಲ್ಲಿ ಅವನ ಚಿತ್ರಪಟ ಗೋಡೆಯ ಮೇಲಿತ್ತು. ಚೀನೀ ಭಾಷೆಯ ಒಂದು ಮಾತೂ ಗೊತ್ತಿಲ್ಲದ, ಇಂಗ್ಲಿಷ್ ಡಬ್ಬಿಂಗಿನ ಅರ್ಧವೂ ಹತ್ತದ ಪ್ರೇಕ್ಷಕರು ಆ ಚಿತ್ರಗಳನ್ನು ಸಲೀಸಾಗಿ ಅರ್ಥಮಾಡಿಕೊಂಡರು. ಹೇಗೆ?

ಹೊಡೆದಾಟಕ್ಕೆ ಭಾಷೆ ಬೇಕಿಲ್ಲ ಎಂಬುದು ಸುಲಭದ ಉತ್ತರ. ಅದು ನಿಜವಾಗಿದ್ದರೆ ಹೊಡೆದಾಟವಿರುವ ಚಿತ್ರಗಳೆಲ್ಲ ಅಷ್ಟೇ ಕಾಲ ಉಳಿಯಬೇಕಿತ್ತು. ಉಳಿದವು ಕೆಲವೇ. ಆ ಚಿತ್ರಗಳ ಜೀವ ಹೊಡೆತಕ್ಕೆ ಮೊದಲು ನಡೆಯುವ ಕಲಿಕೆಯಲ್ಲಿದೆ ಎಂಬುದು ನನ್ನ ವಾದ. ಅನ್ಯಾಯಕ್ಕೊಳಗಾದವನು ತನ್ನ ಸಿಟ್ಟನ್ನು ಶಿಸ್ತಿಗೆ ಒಪ್ಪಿಸುತ್ತಾನೆ. ಆ ಶಿಸ್ತು ಅವನನ್ನು ಬದಲಿಸುತ್ತದೆ. ಅತ್ಯುತ್ತಮ ಚಿತ್ರಗಳಲ್ಲಿ ಸೇಡು ತೀರುವ ಹೊತ್ತಿಗೆ ಆತ ಸೇಡಿಗಿಂತ ದೊಡ್ಡವನಾಗಿರುತ್ತಾನೆ. ಈ ಕಥೆಯನ್ನು ಬೆಳಗಾವಿ ಸೀಮೆಯ ಜನ ಹಾಂಗ್‌ಕಾಂಗಿನಿಂದ ಕಲಿಯಬೇಕಾಗಿರಲಿಲ್ಲ. ಲಾವಣಿಯಲ್ಲಿ, ಸಣ್ಣಾಟದಲ್ಲಿ, ಗರಡಿಯ ಕೆಂಪು ಮಣ್ಣಿನಲ್ಲಿ ಅದು ಇಲ್ಲಿ ಮೊದಲೇ ಇತ್ತು.

ಕಥೆಯ ಎಲುಬು

ಈ ಚಿತ್ರಗಳ ಕಥಾಬಂಧ ಬಹುಪಾಲು ಒಂದೇ. ಗುರುವನ್ನೋ ತಂದೆಯನ್ನೋ ಅಣ್ಣನನ್ನೋ ಬಲಾಢ್ಯರು ಕೊಲ್ಲುತ್ತಾರೆ. ಉಳಿದವನು ಒಬ್ಬನೇ, ಅವನಿಗೆ ಇನ್ನೂ ಬಲ ಸಾಲದು. ಮೊದಲ ಸಲ ಎದುರಿಸಿ ಸೋಲುತ್ತಾನೆ. ಆಮೇಲೆ ಕಲಿಯುತ್ತಾನೆ, ಕಾಯುತ್ತಾನೆ, ಕೊನೆಗೆ ತಿರುಗಿ ಬರುತ್ತಾನೆ. ಚೀನೀ ಸಂಸ್ಕೃತಿಯಲ್ಲಿ ಇದಕ್ಕೆ ಹಳೆಯ ಬೇರುಗಳಿವೆ. ತಂದೆಯನ್ನು ಕೊಂದವನ ಜೊತೆ ಮಗ ಒಂದೇ ಆಕಾಶದ ಕೆಳಗೆ ಬದುಕಬಾರದು ಎಂಬ ಭಾವವನ್ನು ಕನ್ಫ್ಯೂಷಿಯಸ್ ಪರಂಪರೆಯ ವಿಧಿಗ್ರಂಥವೇ ಹೇಳುತ್ತದೆ. ಎರಡು ಸಾವಿರ ವರ್ಷಗಳ ಹಿಂದೆ ಇತಿಹಾಸ ಬರೆದ ಸೀಮಾ ಚಿಯಾನ್, ಒಡೆಯನ ಋಣ ತೀರಿಸಲು ಪ್ರಾಣ ಕೊಟ್ಟ ಹಂತಕರಿಗೆ ತನ್ನ ಗ್ರಂಥದಲ್ಲಿ ಒಂದು ಅಧ್ಯಾಯವನ್ನೇ ಮೀಸಲಿಟ್ಟ.

ಹಾಂಗ್‌ಕಾಂಗ್ ಆಗ ಬ್ರಿಟಿಷರ ವಸಾಹತು. 1949ರ ಆಸುಪಾಸಿನಲ್ಲಿ ಚೀನಾದ ಮುಖ್ಯ ಭೂಭಾಗದಿಂದ ಮನೆಮಠ ಬಿಟ್ಟು ಬಂದವರಿಂದ ಆ ಊರು ತುಂಬಿಹೋಗಿತ್ತು. ಕಾರ್ಖಾನೆಗಳಲ್ಲಿ ದುಡಿಯುವ ಯುವಕರೇ ಚಿತ್ರಮಂದಿರಗಳ ಮುಖ್ಯ ಗಿರಾಕಿಗಳು. 1967ರಲ್ಲಿ ಬೀದಿಗಳಲ್ಲಿ ದೊಡ್ಡ ಗಲಭೆಗಳಾದವು. ಅದೇ ವರ್ಷ ಶಾ ಬ್ರದರ್ಸ್ ಸಂಸ್ಥೆಯ ‘ಒನ್ ಆರ್ಮ್‌ಡ್ ಸ್ವೋರ್ಡ್ಸ್‌ಮನ್’ ತೆರೆಕಂಡಿತು. ನಿರ್ದೇಶಕ ಚಾಂಗ್ ಚೆ, ನಾಯಕ ವಾಂಗ್ ಯು. ಹಾಂಗ್‌ಕಾಂಗಿನಲ್ಲೇ 10 ಲಕ್ಷ ಹಾಂಗ್‌ಕಾಂಗ್ ಡಾಲರ್ ಗಳಿಸಿದ ಮೊದಲ ಸ್ಥಳೀಯ ಚಿತ್ರವೆಂದು ಅದನ್ನು ನೆನೆಯುತ್ತಾರೆ.

ಗುರುವಿನ ಪ್ರಾಣ ಉಳಿಸಲು ಸತ್ತ ಆಳಿನ ಮಗ ಆ ಚಿತ್ರದ ನಾಯಕ. ಗುರು ಅವನನ್ನು ಶಿಷ್ಯನಾಗಿ ಸಾಕುತ್ತಾನೆ. ಉಳಿದ ಶ್ರೀಮಂತ ಶಿಷ್ಯರಿಗೆ ಆಳಿನ ಮಗ ತಮ್ಮ ಸಮಕ್ಕೆ ನಿಲ್ಲುವುದು ಸಹನೆಯಾಗುವುದಿಲ್ಲ. ಜಗಳದಲ್ಲಿ ಗುರುವಿನ ಮಗಳೇ ಅವನ ಬಲಗೈ ಕತ್ತರಿಸುತ್ತಾಳೆ. ರೈತರ ಹುಡುಗಿಯೊಬ್ಬಳು ಅವನನ್ನು ಉಳಿಸಿ, ತನ್ನ ತಂದೆ ಬಿಟ್ಟುಹೋದ ಅರ್ಧ ಸುಟ್ಟ ವಿದ್ಯಾಪುಸ್ತಕವನ್ನು ಕೊಡುತ್ತಾಳೆ. ಉಳಿದ ಎಡಗೈ, ಅಪ್ಪನ ಮುರಿದ ಕತ್ತಿ, ಅರ್ಧ ಪುಸ್ತಕ. ಇಷ್ಟರಿಂದಲೇ ಅವನು ಹೊಸ ವಿದ್ಯೆ ಕಟ್ಟಿಕೊಳ್ಳುತ್ತಾನೆ.

ಇದನ್ನು ಕೇಳಿದ ಕನ್ನಡಿಗರಿಗೆ ಏಕಲವ್ಯ ನೆನಪಾಗದೆ ಇರನು. ಅಲ್ಲೂ ಕಲಿಯುವ ಹಕ್ಕಿಲ್ಲದವನು ಕಲಿತ, ಅಲ್ಲೂ ಬಲಗೈಗೇ ಪೆಟ್ಟು ಬಿತ್ತು. ಏಕಲವ್ಯನ ಬೆರಳು ಹೋದ ಮೇಲೆ ಕಥೆ ಅವನನ್ನು ಬದಿಗೆ ಸರಿಸಿ ಮುಂದೆ ಸಾಗುತ್ತದೆ. ಚಾಂಗ್ ಚೆಯ ಚಿತ್ರ ಕೈ ಹೋದಲ್ಲಿಂದ ಕಥೆ ಶುರುಮಾಡುತ್ತದೆ. ಶಾಲೆ ಅರ್ಧಕ್ಕೆ ನಿಂತವರಿಗೆ, ಹೊಲ ಕಳೆದುಕೊಂಡವರಿಗೆ, ದುಡಿಯಲು ಊರು ಬಿಟ್ಟವರಿಗೆ ಈ ಚಿತ್ರ ಯಾಕೆ ಹತ್ತಿರವಾಯಿತೆಂಬುದು ಇಲ್ಲಿ ತಿಳಿಯುತ್ತದೆ. ಇನ್ನೊಂದು ಸಂಗತಿಯೂ ಇದೆ. ಕೊನೆಗೆ ಗುರು ತನ್ನ ಶಾಲೆಯನ್ನೇ ಅವನಿಗೆ ಒಪ್ಪಿಸಲು ಮುಂದಾದಾಗ ಅವನು ಒಪ್ಪದೆ, ಆ ಹುಡುಗಿಯೊಂದಿಗೆ ಒಕ್ಕಲುತನ ಮಾಡಲು ಹೋಗುತ್ತಾನೆ. ಸೇಡಿನ ಚಿತ್ರವೊಂದು ಬೇಸಾಯದಲ್ಲಿ ಮುಗಿಯುತ್ತದೆ.

ಕಲಿಕೆಯ ಕೋಣೆಗಳು

1978ರಲ್ಲಿ ಬಂದ ‘ದ ತರ್ಟಿ ಸಿಕ್ಸ್ತ್ ಚೇಂಬರ್ ಆಫ್ ಶಾವೊಲಿನ್’ ಈ ಪರಂಪರೆಯ ಶಿಖರವೆಂದು ನಾನು ನಂಬಿದ್ದೇನೆ. ನಿರ್ದೇಶಕ ಲಾವ್ ಕಾರ್-ಲ್ಯೂಂಗ್ ಸ್ವತಃ ಕುಂಗ್ ಫೂ ಮನೆತನದವರು, ಹೊಡೆದಾಟದ ಸಂಯೋಜಕರಾಗಿ ಬೆಳೆದವರು. ಮಂಚು ಆಳ್ವಿಕೆಯ ವಿರುದ್ಧ ಗುಟ್ಟಾಗಿ ಕೆಲಸ ಮಾಡುವ ಶಿಕ್ಷಕ, ಅವನ ವಿದ್ಯಾರ್ಥಿಗಳು, ಅವರ ಮನೆಯವರು ಎಲ್ಲರೂ ಬಲಿಯಾಗುತ್ತಾರೆ. ತಪ್ಪಿಸಿಕೊಂಡ ಒಬ್ಬ ವಿದ್ಯಾರ್ಥಿ ಗಾಯಗೊಂಡು ಶಾವೊಲಿನ್ ಮಠ ಸೇರುತ್ತಾನೆ. ಗಾರ್ಡನ್ ಲ್ಯೂ ಮಾಡಿದ ಆ ಪಾತ್ರಕ್ಕೆ ಮುಂದೆ ಸಾನ್ ತೆ ಎಂಬ ಸನ್ಯಾಸಿ ಹೆಸರು ಬರುತ್ತದೆ. ಬಂದ ಮೊದಲ ವರ್ಷ ಅವನಿಗೆ ಸಿಗುವುದು ಕಸ ಗುಡಿಸುವ ಕೆಲಸ. ಕಲಿಸಿರೆಂದು ಬೇಡಿಕೊಂಡ ಮೇಲೆ ಎಲ್ಲಕ್ಕಿಂತ ಮೇಲಿನ ಕೋಣೆಗೇ ಹೋಗಲು ಹಟ ಹಿಡಿಯುತ್ತಾನೆ. ಅಲ್ಲಿ ಸನ್ಯಾಸಿಗಳು ಸೂತ್ರಪಠಣ ಮಾಡುತ್ತಿರುತ್ತಾರೆ. ಅವನಿಗೆ ಅಲ್ಲಿ ಕೂರಲೂ ಆಗುವುದಿಲ್ಲ. ಕೆಳಗಿನಿಂದ ಹತ್ತಿ ಬಾ ಎಂದು ಕಳಿಸುತ್ತಾರೆ.

ಆಮೇಲಿನ ಭಾಗ ಚಿತ್ರದ ಹೃದಯ. ಊಟದ ಮನೆಗೆ ಹೋಗಬೇಕಾದರೆ ನೀರಿನಲ್ಲಿ ತೇಲುವ ಕಟ್ಟಿಗೆಯ ಮೇಲೆ ಹೆಜ್ಜೆಯಿಟ್ಟು ದಾಟಬೇಕು. ಬಿದ್ದವನಿಗೆ ಊಟವಿಲ್ಲ. ತೋಳಿಗೆ ಚೂರಿ ಕಟ್ಟಿಕೊಂಡು, ಕೈ ಇಳಿಸಿದರೆ ಪಕ್ಕೆಗೆ ಚುಚ್ಚುವಂತೆ, ತುಂಬಿದ ನೀರಿನ ಬಕೆಟ್ ಹೊರಬೇಕು. ಉದ್ದನೆಯ ಕೋಲಿನ ತುದಿಯ ಭಾರದಿಂದ ಗಂಟೆಯನ್ನು ತಾಳ ತಪ್ಪದೆ ಬಾರಿಸಬೇಕು. ಉರಿಯುವ ಊದಿನಕಡ್ಡಿಗಳ ನಡುವೆ ತಲೆಯಿಟ್ಟು ಕಣ್ಣು ಮಾತ್ರ ಹೊರಳಿಸಬೇಕು. ಇಷ್ಟು ಹೊತ್ತಿನಲ್ಲಿ ಶತ್ರು ತೆರೆಯ ಮೇಲೆ ಕಾಣಿಸುವುದೇ ಇಲ್ಲ. ಪ್ರೇಕ್ಷಕನಿಗೆ ಅವನ ನೆನಪೂ ಮಸುಕಾಗುತ್ತದೆ. ಒಬ್ಬ ಮನುಷ್ಯ ತನ್ನ ಕಣ್ಣು, ಕಾಲು, ಮಣಿಕಟ್ಟು, ಹೊಟ್ಟೆಯ ಹಸಿವು ಒಂದೊಂದನ್ನೂ ಹತೋಟಿಗೆ ತಂದುಕೊಳ್ಳುವುದನ್ನು ನೋಡುವ ಸಂತೋಷವೇ ಬೇರೆ.

ನಮ್ಮ ಗರಡಿ, ತಾಲೀಮುಗಳ ಬಾಗಿಲಲ್ಲಿ ನಿಂತು ನೋಡಿದವರಿಗೆ ಈ ಭಾಗ ಹೊಸದೆನಿಸದು. ಬೆಳಗಾವಿಯಲ್ಲಿ ಆನಂದವಾಡಿಯಂಥ ಕುಸ್ತಿ ಅಖಾಡವಿದೆ. ಕೊಲ್ಹಾಪುರದ ಕುಸ್ತಿ ಪರಂಪರೆಯೊಂದಿಗೆ ಈ ಊರಿನ ಪೈಲ್ವಾನರಿಗೆ ಹಳೆಯ ನಂಟು. ತಾಲೀಮಿಗೆ ಹೊಸದಾಗಿ ಸೇರಿದ ಹುಡುಗನಿಗೆ ಗುರುವಾದ ವಸ್ತಾದ ಮೊದಲು ಡಾವು, ಅಂದರೆ ಹಿಡಿತ, ಕಲಿಸುವುದಿಲ್ಲ. ಸಲಿಕೆ ಕೊಟ್ಟು ಮಣ್ಣು ಅಗೆಯಲು ಹಚ್ಚುತ್ತಾನೆ. ಕೆಂಪು ಮಣ್ಣಿಗೆ ಎಣ್ಣೆ, ಮಜ್ಜಿಗೆ, ಅರಿಶಿನ, ಲಿಂಬೆರಸ ಬೆರೆಸಿ ಹದಮಾಡುವುದು ಸೇವೆಯೂ ಹೌದು, ಭುಜಕ್ಕೂ ಬೆನ್ನಿಗೂ ಸಾಧನೆಯೂ ಹೌದು. ದಂಡ, ಬೈಠಕ್, ಊಟ, ನಿದ್ದೆ, ಬ್ರಹ್ಮಚರ್ಯ ಎಲ್ಲಕ್ಕೂ ಲೆಕ್ಕವಿದೆ. ತಾಲೀಮಿನಲ್ಲಿ ಪಳಗಿದವನು ಬೀದಿಯಲ್ಲಿ ಕೈ ಎತ್ತಿದರೆ ಅದು ವಸ್ತಾದನಿಗೇ ಅವಮಾನ. ಶಕ್ತಿಯನ್ನು ಕಲಿಸುವ ಜಾಗವೇ ಶಕ್ತಿಗೆ ಕಡಿವಾಣವನ್ನೂ ಕಲಿಸುತ್ತದೆ.

ಬೌದ್ಧ ಸನ್ಯಾಸಿ ಬೋಧಿಧರ್ಮ ದಕ್ಷಿಣ ಭಾರತದಿಂದ ಹೋಗಿ ಶಾವೊಲಿನ್ ಸನ್ಯಾಸಿಗಳಿಗೆ ಯುದ್ಧವಿದ್ಯೆ ಕಲಿಸಿದನೆಂಬ ಮಾತು ಇಂಥ ಸಂದರ್ಭದಲ್ಲಿ ಬಂದೇ ಬರುತ್ತದೆ. ಯುದ್ಧವಿದ್ಯೆಗೂ ಅವನಿಗೂ ಸಂಬಂಧ ಕಲ್ಪಿಸುವ ಕಥೆಗಳು ಬಹಳ ತಡವಾಗಿ ಹುಟ್ಟಿದವು, ಇತಿಹಾಸಕಾರರು ಅವನ್ನು ಒಪ್ಪುವುದಿಲ್ಲ. ಮೂಲ ನಮ್ಮದೆಂದು ಸಾಧಿಸುವ ಅವಸರ ನಮಗೆ ಬೇಡ. ದೇಹವನ್ನು ದುಡಿಸಿ ಮನಸ್ಸನ್ನು ತಿದ್ದುವ ದಾರಿಯನ್ನು ಎರಡು ನಾಡುಗಳು ತಮ್ಮ ತಮ್ಮ ಮಣ್ಣಿನಲ್ಲಿ ಕಂಡುಕೊಂಡವು ಎಂದರೆ ಸಾಕು, ಅದು ಹೆಚ್ಚಿನ ಗೌರವ.

ಖಾನಾಪುರದ ಕಾಡಿನಲ್ಲಿ

ಇದೇ ಸೀಮೆಯ ಖಾನಾಪುರ ತಾಲೂಕಿನ ನಂದಗಡದಲ್ಲಿ 1831ರ ಜನವರಿ 26ರಂದು ಬ್ರಿಟಿಷರು ಸಂಗೊಳ್ಳಿ ರಾಯಣ್ಣನನ್ನು ಗಲ್ಲಿಗೇರಿಸಿದರು. ಇತಿಹಾಸ ನಿಮಗೆಲ್ಲ ಗೊತ್ತಿರುವಂಥದ್ದು. 1824ರ ಅಕ್ಟೋಬರ್ 23ರಂದು ಕಿತ್ತೂರಿನ ಕೋಟೆಯ ಮುಂದೆ ಕಲೆಕ್ಟರ್ ಥ್ಯಾಕರೆ ಸತ್ತ, ಡಿಸೆಂಬರಿನಲ್ಲಿ ಕೋಟೆ ಬಿತ್ತು, ರಾಣಿ ಚೆನ್ನಮ್ಮ ಬೈಲಹೊಂಗಲದ ಸೆರೆಯಲ್ಲಿ 1829ರಲ್ಲಿ ತೀರಿಕೊಂಡಳು. ರಾಯಣ್ಣ ಇನಾಮು ಭೂಮಿ ಪಡೆದು ಊರು ಕಾಯುತ್ತಿದ್ದ ಶೇತಸನದಿ ಮನೆತನದವನು. ಕಂಪನಿ ಸರಕಾರ ಆ ಭೂಮಿಗಳ ಮೇಲೆ ಕಣ್ಣು ಹಾಕಿತು, ತೆರಿಗೆ ಹೇರಿತು. ಕಿತ್ತೂರಿನ ದತ್ತುಪುತ್ರ ಶಿವಲಿಂಗಪ್ಪನನ್ನು ಗಾದಿಗೆ ತರಬೇಕೆಂದು ರಾಯಣ್ಣ ದಂಡು ಕಟ್ಟಿದ. 1830ರ ಆರಂಭದಲ್ಲಿ ಇದೇ ತಾಲೂಕಿನ ಬೀಡಿಯ ಕಚೇರಿಗೆ ಬೆಂಕಿ ಬಿತ್ತು. ಕಾಡಿನಲ್ಲಿ ಅಡಗಿ, ರಾತ್ರಿ ಎರಗಿ, ಕಂದಾಯದ ಕಾಗದಪತ್ರ ಸುಟ್ಟು ಮಾಯವಾಗುವ ಯುದ್ಧ ಅವನದು.

ಲಾವಣಿಕಾರರು ಈ ಇತಿಹಾಸವನ್ನು ಹೇಗೆ ಕಟ್ಟಿದ್ದಾರೆ ನೋಡಿ. ತೆರಿಗೆ ಕಟ್ಟಲಾಗದ ತಾಯಿ ಕೆಂಚವ್ವನ ಬೆನ್ನ ಮೇಲೆ ಕುಲಕರ್ಣಿ ಕಲ್ಲು ಹೇರಿಸಿ ನಿಲ್ಲಿಸಿದನೆಂದು ಅವರು ಹಾಡುತ್ತಾರೆ. ಕಥೆ ಅಲ್ಲಿಂದ ಹೊತ್ತಿಕೊಳ್ಳುತ್ತದೆ. ಭೂಕಂದಾಯದ ನೀತಿ ಕೇಳುಗನ ಎದೆಗೆ ತಟ್ಟದು, ತಾಯಿಯ ಬೆನ್ನ ಮೇಲಿನ ಕಲ್ಲು ತಟ್ಟುತ್ತದೆ. ಸಾಮ್ರಾಜ್ಯವೊಂದರ ಅನ್ಯಾಯವನ್ನು ಒಂದು ದೇಹದ ಮೇಲಿನ ಭಾರವಾಗಿ ಕಾಣಿಸುವುದು ಕುಂಗ್ ಫೂ ಚಿತ್ರಗಳ ಮೊದಲ ಹತ್ತು ನಿಮಿಷಗಳ ಕೆಲಸವೂ ಹೌದು.

ಇದರ ಪಕ್ಕದಲ್ಲಿ 1972ರ ‘ಫಿಸ್ಟ್ ಆಫ್ ಫ್ಯೂರಿ’ಯನ್ನು ಇಟ್ಟು ನೋಡೋಣ. ನಿರ್ದೇಶಕ ಲೋ ವೇ, ನಾಯಕ ಬ್ರೂಸ್ ಲೀ. ಹುವೋ ಯುವಾನ್‌ಜಿಯಾ ಎಂಬ ನಿಜವಾದ ಯುದ್ಧವಿದ್ಯಾಗುರು 1910ರಲ್ಲಿ ಶಾಂಘೈನಲ್ಲಿ ತೀರಿಕೊಂಡದ್ದು ಇತಿಹಾಸ. ಅವನ ಶಿಷ್ಯ ಚೆನ್ ಜೆನ್ ಎಂಬುದು ಚಿತ್ರದ ಕಲ್ಪನೆ. ಗುರುವಿನ ಶಾಲೆಗೆ ಜಪಾನೀಯರು ಏಷ್ಯಾದ ರೋಗಿಗಳು ನೀವೆಂದು ಹಂಗಿಸುವ ಫಲಕ ತಂದುಕೊಡುತ್ತಾರೆ. ಉದ್ಯಾನದ ಬಾಗಿಲಲ್ಲಿ ನಾಯಿಗಳಿಗೂ ಚೀನೀಯರಿಗೂ ಪ್ರವೇಶವಿಲ್ಲವೆಂಬ ಹಲಗೆ ಇದೆ. ಅಲ್ಲಿ ಚೆನ್‌ನನ್ನು ತಡೆಯುವವನು ಪೇಟ ಸುತ್ತಿದ ಭಾರತೀಯ ಕಾವಲುಗಾರ. ಬ್ರಿಟಿಷರ ಕೈಕೆಳಗೆ ಶಾಂಘೈನಲ್ಲಿ ಸಿಖ್ ಪೊಲೀಸರು ಕೆಲಸ ಮಾಡಿದ್ದು ವಾಸ್ತವ. ಮರಾಠಾ ಲೈಟ್ ಇನ್‌ಫೆಂಟ್ರಿಯ ಕೇಂದ್ರವಿರುವ ಈ ಸೈನಿಕರ ಊರಿನಲ್ಲಿ ನಿಂತು ನಾನು ಆ ದೃಶ್ಯವನ್ನು ಹಗುರವಾಗಿ ನೋಡಲಾರೆ. ಸಾಮ್ರಾಜ್ಯ ಒಂದು ಗುಲಾಮ ನಾಡಿನ ಮಗನನ್ನು ಇನ್ನೊಂದು ನಾಡಿನ ಬಾಗಿಲಿಗೆ ಕಾವಲಿಟ್ಟಿತ್ತು.

ಎರಡೂ ಕಥೆಗಳ ನಡುವೆ ದ್ರೋಹದ ಎಳೆಯೂ ಒಂದೇ. ಚಿತ್ರದಲ್ಲಿ ಗುರುವಿಗೆ ವಿಷವಿಕ್ಕಿದವರು ಶಾಲೆಯ ಅಡುಗೆಮನೆಯೊಳಗೇ ಇದ್ದ ಶತ್ರುವಿನ ಬಂಟರು. ಲಾವಣಿಯ ರಾಯಣ್ಣ ಏಪ್ರಿಲ್ ತಿಂಗಳ ಬಿಸಿಲಲ್ಲಿ ಡೋರಿ ಬೆಣಚಿ ಹಳ್ಳದಲ್ಲಿ ಸ್ನಾನಕ್ಕಿಳಿದಾಗ ಲಕ್ಕಪ್ಪ ಅವನ ಕತ್ತಿ ಎತ್ತಿಕೊಂಡು ಹೋಗುತ್ತಾನೆ. ನಂಬಿದವರೇ ಹಿಡಿದುಕೊಡುತ್ತಾರೆ. ನೇರ ಕಾಳಗದಲ್ಲಿ ನಾಯಕ ಸೋಲಲಿಲ್ಲವೆಂಬ ಸಮಾಧಾನವನ್ನು ಜನಕಥೆ ಹೀಗೆ ಕೊಡುತ್ತದೆ. ಜೊತೆಗೆ ಒಂದು ಎಚ್ಚರವನ್ನೂ ಕೊಡುತ್ತದೆ: ಪರಕೀಯ ಆಳ್ವಿಕೆ ಗಟ್ಟಿಯಾದದ್ದು ಬಂದೂಕಿನಿಂದ ಮಾತ್ರವಲ್ಲ, ನಮ್ಮೊಳಗಿನ ಆಸೆಬುರುಕರಿಂದಲೂ.

ಚೆನ್ ಜೆನ್ ತನ್ನ ಶಾಲೆ ಉಳಿಯಲೆಂದು ಶರಣಾಗಿ, ಹೊರಗೆ ಸಾಲಾಗಿ ನಿಂತ ಬಂದೂಕುಗಳ ಕಡೆಗೆ ಹಾರುತ್ತಾನೆ. ಗುಂಡಿನ ಸದ್ದು ಕೇಳುತ್ತದೆ, ಹಾರಿದ ದೇಹ ಗಾಳಿಯಲ್ಲೇ ನಿಂತುಬಿಡುತ್ತದೆ. ಅವನು ನೆಲಕ್ಕೆ ಬೀಳುವುದನ್ನು ಚಿತ್ರ ತೋರಿಸುವುದಿಲ್ಲ. ನಂದಗಡದ ಜನ ಮಾಡಿದ್ದೂ ಇದನ್ನೇ. ರಾಯಣ್ಣನ ಸಮಾಧಿಯ ಮೇಲಿನ ಆಲದ ಮರ ಅವನ ಗೆಳೆಯ ಬಿಚ್ಚುಗತ್ತಿ ಚನ್ನಬಸಪ್ಪ ನೆಟ್ಟದ್ದೆಂದು ಜನ ಹೇಳುತ್ತಾರೆ. ರಾಯಣ್ಣನಂಥ ಮಗು ಹುಟ್ಟಲೆಂದು ಹೆಣ್ಣುಮಕ್ಕಳು ಆ ಮರಕ್ಕೆ ತೊಟ್ಟಿಲು ಕಟ್ಟುತ್ತಾರೆ. ಗಲ್ಲಿನ ನೆಲದಲ್ಲಿ ಸೇಡಿನ ಹರಕೆ ಕಟ್ಟಬಹುದಿತ್ತು, ಅವರು ಮಗುವಿನ ಹರಕೆ ಕಟ್ಟಿದರು. ಖಾನಾಪುರ ತಾಲೂಕು ಜಗತ್ತಿನ ಸೇಡಿನ ಕಥೆಗಳಿಗೆ ಕೊಟ್ಟ ದೊಡ್ಡ ಉತ್ತರ ಇದೆಂದು ನಾನು ಭಾವಿಸುತ್ತೇನೆ.

ಸಣ್ಣಾಟದ ಎಚ್ಚರಿಕೆ

ಬೈಲಹೊಂಗಲ ಸೀಮೆಯಲ್ಲಿ 19ನೆಯ ಶತಮಾನದಲ್ಲಿ ನಡೆದ ಘಟನೆಯನ್ನು ಆಧರಿಸಿದ್ದೆಂದು ಹೇಳಲಾಗುವ ‘ಸಂಗ್ಯಾ ಬಾಳ್ಯಾ’ ಸಣ್ಣಾಟ ಇನ್ನೊಂದು ಬಗೆಯ ಸೇಡಿನ ಕಥೆ. ಸಿರಿವಂತ ಸಂಗ್ಯಾ, ಅವನ ಗೆಳೆಯ ಬಾಳ್ಯಾ, ವ್ಯಾಪಾರಿ ಈರ್ಯಾ, ಅವನ ಹೆಂಡತಿ ಗಂಗಿ. ಪರಸ್ತ್ರೀಯ ಮೋಹಕ್ಕೆ ಬಿದ್ದ ಸಂಗ್ಯಾನಿಗೆ ನೆರವಾದ ಬಾಳ್ಯಾನೇ ಕೊನೆಗೆ ಆಸೆಗೆ ಬಿದ್ದು ಅವನನ್ನು ಹಿಡಿದುಕೊಡುತ್ತಾನೆ. ಈರ್ಯಾ ಮತ್ತು ಅವನ ತಮ್ಮಂದಿರ ಕೈಯಲ್ಲಿ ಸಂಗ್ಯಾ ಕೊಲೆಯಾಗುತ್ತಾನೆ.

ಇಲ್ಲಿ ತಪ್ಪು ಮಾಡಿದವನು ಸಂಗ್ಯಾ. ಆದರೂ ಆಟ ನೋಡುತ್ತ ಕುಳಿತ ಜನ ಅತ್ತದ್ದು ಅವನಿಗಾಗಿ. ಸೇಡು ತೀರಿದ ಮೇಲೆ ರಂಗದಲ್ಲಿ ಯಾರ ಮನೆಯೂ ಉಳಿಯುವುದಿಲ್ಲ. ಗಂಡಸರ ಮಾನದ ಲೆಕ್ಕದಲ್ಲಿ ಗಂಗಿಯ ಬದುಕಿಗೆ ಯಾರೂ ಬೆಲೆ ಕಟ್ಟಲಿಲ್ಲ ಎಂಬುದೂ ಇಂದಿನ ಓದುಗರಿಗೆ ಕಾಣಬೇಕು. ಕೊಲ್ಲುವವನ ಸಿಟ್ಟನ್ನು ಅರ್ಥಮಾಡಿಕೊಂಡು, ಸಾಯುವವನಿಗಾಗಿ ಮರುಗುವ ಈ ಗುಣ ಕನ್ನಡಕ್ಕೆ ಹಳೆಯದು. ಮುಧೋಳದ ರನ್ನ ಹತ್ತನೆಯ ಶತಮಾನದ ಕೊನೆಯಲ್ಲಿ ಬರೆದ ‘ಸಾಹಸಭೀಮವಿಜಯ’ ಭೀಮನ ಸೇಡಿನ ಕಾವ್ಯ. ಆದರೆ ಹೆಣಗಳ ನಡುವೆ ನಡೆದುಹೋಗುವ ದುರ್ಯೋಧನನ ದುಃಖವನ್ನು ಓದಿದ ಯಾರೂ ಅವನನ್ನು ಬರಿಯ ಖಳನೆನ್ನಲಾರರು.

ಹಾಂಗ್‌ಕಾಂಗಿನ ಚಿತ್ರಗಳಿಗೂ ರಂಗಭೂಮಿಯ ನಂಟು ಆಳವಾದದ್ದು. ಜಾಕಿ ಚಾನ್, ಸಾಮೋ ಹಂಗ್ ಮುಂತಾದ ನಟರು ಬಾಲ್ಯದಲ್ಲಿ ಪೀಕಿಂಗ್ ಸಂಗೀತನಾಟಕದ ಕಠಿಣ ಶಾಲೆಯಲ್ಲಿ ಪಳಗಿದವರು. ಆ ಚಿತ್ರಗಳ ಹೊಡೆದಾಟದಲ್ಲಿ ಕಾಣುವ ತಾಳ, ಹೊಡೆದು ಒಂದು ಕ್ಷಣ ಭಂಗಿಯಲ್ಲಿ ನಿಲ್ಲುವ ರೀತಿ ಎಲ್ಲವೂ ಆ ರಂಗದಿಂದ ಬಂದದ್ದು. ನಮ್ಮ ದೊಡ್ಡಾಟದ ವೀರರು ಮದ್ದಳೆಯ ಪೆಟ್ಟಿಗೆ ಹೆಜ್ಜೆ ಹಾಕಿ ನಿಲ್ಲುವುದನ್ನು ಕಂಡವರಿಗೆ ಅದು ಅಪರಿಚಿತವಲ್ಲ. ಚಾಂಗ್ ಚೆಯ 1970ರ ‘ವೆಂಜೆನ್ಸ್’ ಚಿತ್ರದಲ್ಲಿ ಕೊಲೆಯಾಗುವವನು ಸಂಗೀತನಾಟಕದ ನಟ. ರಂಗದ ಮೇಲೆ ಅವನು ಅಭಿನಯಿಸಿದ ಸಾವೂ ನಿಜವಾದ ಸಾವೂ ಒಂದರೊಳಗೊಂದು ಬೆರೆಯುತ್ತವೆ. ಸೇಡಿಗೆ ಹೊರಟ ಅವನ ತಮ್ಮನೂ ಉಳಿಯುವುದಿಲ್ಲ. ಬೈಲಹೊಂಗಲದ ಆಟ ಹೇಳಿದ ಎಚ್ಚರಿಕೆ ಅಲ್ಲೂ ಇದೆ.

ಕನ್ನಡ ಚಿತ್ರರಂಗದಲ್ಲಿ ಪೂರ್ವ ಏಷ್ಯಾದ ವೀರಚಿತ್ರ, ನಮ್ಮ ಸಣ್ಣಾಟ ಎಂಬ ಎರಡು ಧಾರೆಗಳು ಒಬ್ಬ ನಟನಲ್ಲಿ ಕೂಡಿದವು. 1978ರಲ್ಲಿ ಗಿರೀಶ ಕಾರ್ನಾಡರು ಜಪಾನಿನ ಕುರೊಸಾವಾ ಅವರ ಸಮುರಾಯ್ ಚಿತ್ರಗಳ ಪ್ರೇರಣೆಯಿಂದ ‘ಒಂದಾನೊಂದು ಕಾಲದಲ್ಲಿ’ ಮಾಡಿದರು. ದಾಯಾದಿ ಒಡೆಯರ ಹಗೆತನದಲ್ಲಿ ಕೂಲಿಗೆ ಕಾದುವ ಇಬ್ಬರು ವೀರರ ಕಥೆ ಅದು. ಆ ಪಾತ್ರಗಳನ್ನು ಮಾಡಿದವರು ಶಂಕರ್ ನಾಗ್ ಮತ್ತು ಸುಂದರ್ ಕೃಷ್ಣ ಅರಸ್. ಶಂಕರ್ ನಾಗ್ ಮುಂದೆ ಜನರ ಬಾಯಲ್ಲಿ ಕರಾಟೆ ಕಿಂಗ್ ಆದರು, ಆಟೋಗಳ ಬೆನ್ನ ಮೇಲೆ ಅವರ ಚಿತ್ರ ಇಂದಿಗೂ ಇದೆ. ಅವರು 1990ರ ಸೆಪ್ಟೆಂಬರ್ 30ರಂದು ಅಪಘಾತದಲ್ಲಿ ತೀರಿಕೊಂಡ ಮೇಲೆ, 1992ರಲ್ಲಿ ತೆರೆಕಂಡ ಅವರ ಚಿತ್ರಗಳಲ್ಲಿ ಒಂದು ‘ಸಂಗ್ಯಾ ಬಾಳ್ಯಾ’. ಅದರ ನಿರ್ದೇಶಕರು ಅದೇ ಸುಂದರ್ ಕೃಷ್ಣ ಅರಸ್.

ಶತ್ರು ಯಾರು?

ಹಾಂಗ್‌ಕಾಂಗಿನ ಈ ಚಿತ್ರಗಳನ್ನು ಪ್ರೀತಿಸುವವನಾಗಿ ಅವುಗಳ ದೋಷವನ್ನೂ ಹೇಳುವುದು ನನ್ನ ಕರ್ತವ್ಯ. ‘ಫಿಸ್ಟ್ ಆಫ್ ಫ್ಯೂರಿ’ಯಲ್ಲಿ ಒಬ್ಬ ಒಳ್ಳೆಯ ಜಪಾನೀಯನೂ ಇಲ್ಲ. ಕೊಂದವನ ಮೇಲಿನ ಸಿಟ್ಟು ಅವನ ಇಡೀ ಜನಾಂಗದ ಮೇಲೆ ಹರಡುತ್ತದೆ. ಸೇಡಿನ ಕಥೆ ಹಾಳಾಗುವ ಜಾಗ ಇದು. ಮಾಡಿದವನಿಗೆ ಹೆಸರಿದೆ, ಮಾಡಿದ ಕೃತ್ಯಕ್ಕೆ ದಿನಾಂಕವಿದೆ ಎನ್ನುವಷ್ಟು ಕಾಲ ಅದು ನ್ಯಾಯದ ಹತ್ತಿರ ಇರುತ್ತದೆ. ಹೆಸರು ಅಳಿಸಿ, ಆ ಭಾಷೆಯವರು, ಆ ಜಾತಿಯವರು, ಆ ಧರ್ಮದವರು ಎಂದು ಶುರುವಾದ ಕ್ಷಣ ಅದು ಬರಿಯ ದ್ವೇಷ.

ಬೆಳಗಾವಿಯಲ್ಲಿ ನಿಂತು ಈ ಮಾತು ಹೇಳದೆ ಹೋದರೆ ನನ್ನ ಉಪನ್ಯಾಸ ಪೊಳ್ಳಾಗುತ್ತದೆ. ಕನ್ನಡ, ಮರಾಠಿ, ಉರ್ದು, ಕೊಂಕಣಿ ಮಾತಾಡುವವರು ಒಂದೇ ಪೇಟೆಯಲ್ಲಿ ಬದುಕುವ ಊರಿದು. ಇಲ್ಲಿ ಭಾಷೆಯ ಜಗಳದಲ್ಲಿ ಬಸ್ಸಿಗೆ ಬಿದ್ದ ಕಲ್ಲು, ಫಲಕಕ್ಕೆ ಬಳಿದ ಮಸಿ ಯಾವ ತಾಯಿಯ ಬೆನ್ನಿನ ಭಾರವನ್ನೂ ಇಳಿಸಿಲ್ಲ. ಕನ್ನಡದ ಹಕ್ಕನ್ನು ನಾನು ಒಂದಿಂಚೂ ಬಿಟ್ಟುಕೊಡುವವನಲ್ಲ. ಆ ಹಕ್ಕು ಶಾಲೆಯಲ್ಲಿ, ಕಚೇರಿಯಲ್ಲಿ, ಪುಸ್ತಕದಲ್ಲಿ, ಕೆಲಸದಲ್ಲಿ ಗಟ್ಟಿಯಾಗಬೇಕು. ಕುಸ್ತಿಯ ಮಣ್ಣನ್ನು ನೋಡಿ: ಅಲ್ಲಿ ಹಿಡಿತಗಳ ಹೆಸರು ಕನ್ನಡ, ಮರಾಠಿ, ಹಿಂದುಸ್ತಾನಿ ಎಲ್ಲ ಕಲೆತವು. ಎದುರಾಳಿಯ ಕೈಗೆ ಮಣ್ಣು ಕೊಟ್ಟು ಕೈಕುಲುಕಿದ ಮೇಲೆಯೇ ಕುಸ್ತಿ. ರಾಯಣ್ಣನ ದಂಡಿನಲ್ಲಿ ಸಿದ್ದಿ ಸಮುದಾಯದ ಗಜವೀರನಿದ್ದ. ಕಾಡಿನ ಆ ದಂಡು ಯಾರ ಕುಲವನ್ನೂ ಕೇಳಿ ಸೇರಿಸಿಕೊಂಡದ್ದಲ್ಲ.

1971ರ ‘ದ ಬಿಗ್ ಬಾಸ್’ ಚಿತ್ರವನ್ನೂ ಇಲ್ಲಿ ನೆನೆಯಬೇಕು. ಬ್ರೂಸ್ ಲೀ ಅದರಲ್ಲಿ ದುಡಿಯಲು ಥಾಯ್ಲೆಂಡಿಗೆ ಬಂದ ವಲಸೆ ಕೂಲಿ. ಜಗಳಕ್ಕೆ ಹೋಗುವುದಿಲ್ಲವೆಂದು ತಾಯಿಗೆ ಮಾತು ಕೊಟ್ಟವನು. ಮಂಜುಗಡ್ಡೆ ಕಾರ್ಖಾನೆಯ ಒಡೆಯ ಗಡ್ಡೆಗಳೊಳಗೆ ಮಾದಕವಸ್ತು ಅಡಗಿಸಿ ಸಾಗಿಸುತ್ತಾನೆ, ಕಂಡುಹಿಡಿದ ಕೂಲಿಗಳು ಕಾಣೆಯಾಗುತ್ತಾರೆ. ಇಲ್ಲಿ ಶತ್ರು ಜನಾಂಗವಲ್ಲ, ಕೂಲಿಯ ಪ್ರಾಣಕ್ಕೆ ಬೆಲೆ ಕೊಡದ ಒಡೆತನ. ಖಾನಾಪುರದ ಊರುಗಳಿಂದ ಗೋವಾ, ಪುಣೆ, ಮುಂಬಯಿಗೆ ದುಡಿಯಲು ಹೋಗುವ ಮನೆಗಳಿಗೆ ಈ ಕಥೆಯ ಅರ್ಥ ವಿವರಿಸಬೇಕಿಲ್ಲ. ಒಡೆಯನನ್ನು ಕೊಂದ ನಾಯಕ ಕೊನೆಗೆ ಪೊಲೀಸರಿಗೆ ಕೈ ಒಡ್ಡುತ್ತಾನೆ. ತಾನು ಮಾಡಿದ್ದಕ್ಕೆ ಉತ್ತರ ಕೊಡಬೇಕೆಂಬ ಅರಿವು ಅವನಿಗಿದೆ.

ಎರಡು ಇಸವಿಗಳು

ಕಿತ್ತೂರಿನ ಕಾಳಗ ನಡೆದದ್ದು 1824ರಲ್ಲಿ. ಸರಿಯಾಗಿ ನೂರು ವರ್ಷಗಳ ಮೇಲೆ, 1924ರ ಡಿಸೆಂಬರಿನಲ್ಲಿ, ಇದೇ ಬೆಳಗಾವಿಯ ಟಿಳಕವಾಡಿಯಲ್ಲಿ ಕಾಂಗ್ರೆಸ್ ಅಧಿವೇಶನ ನೆರೆ­ಯಿತು. ಗಾಂಧೀಜಿ ಅಧ್ಯಕ್ಷತೆ ವಹಿಸಿದ ಏಕೈಕ ಅಧಿವೇಶನ ಅದು. ಹುದಲಿಯ ಗಂಗಾಧರರಾವ ದೇಶಪಾಂಡೆಯವರು ಅದರ ಹೊಣೆ ಹೊತ್ತರು. ಡಾ. ನಾ. ಸು. ಹರ್ಡೀಕರರ ಸೇವಾದಳದ ಸ್ವಯಂಸೇವಕರು ಕವಾಯತು ಮಾಡಿ ಪಳಗಿ, ಆ ದೊಡ್ಡ ಜನಸಾಗರವನ್ನು ನಿಭಾಯಿಸಿದರು.

ಈ ಎರಡು ಇಸವಿಗಳನ್ನು ಒಂದಕ್ಕೊಂದು ಎದುರಾಗಿ ನಿಲ್ಲಿಸುವ ರೂಢಿ ಇದೆ, ಕತ್ತಿಯ ದಾರಿ ಒಂದು ಕಡೆ, ಅಹಿಂಸೆಯ ದಾರಿ ಇನ್ನೊಂದು ಕಡೆ ಎಂದು. ಎರಡರ ನಡುವೆ ಒಂದು ಸಮಾನ ನೆಲ ನನಗೆ ಕಾಣುತ್ತದೆ. ಅವಮಾನವನ್ನು ಅನುಭವಿಸಿದ ಜನ ಸುಮ್ಮನೆ ಕೂಗಾಡದೆ ತಮ್ಮನ್ನು ತಾವು ತಯಾರುಮಾಡಿಕೊಂಡರು. ಸತ್ಯಾಗ್ರಹಿಗೆ ನಸುಕಿನಲ್ಲಿ ಏಳುವುದು, ಚರಕ, ಉಪವಾಸ, ಲಾಠಿಯ ಏಟಿಗೆ ಕೈ ಎತ್ತದೆ ನಿಲ್ಲುವ ಅಭ್ಯಾಸ ಬೇಕಿತ್ತು. ಸಾನ್ ತೆಯ ಕೋಣೆಗಳಿಗಿಂತ ಅವು ಸುಲಭದವಲ್ಲ. ಗಾಂಧೀಜಿ ಹೊಡೆತವನ್ನು ತೆಗೆದುಹಾಕಿದರು, ತಾಲೀಮನ್ನು ಉಳಿಸಿಕೊಂಡರು.

ಮೂವತ್ತಾರನೆಯ ಕೋಣೆ

ಸಾನ್ ತೆ ಎಲ್ಲ 35 ಕೋಣೆಗಳನ್ನು ಗೆದ್ದ ಮೇಲೆ, ನಿನಗೆ ಬೇಕಾದ ಕೋಣೆಗೆ ಗುರುವಾಗು ಎಂದು ಮಠ ಹೇಳುತ್ತದೆ. ಹೊಸದೊಂದು ಕೋಣೆ ತೆರೆಯುತ್ತೇನೆ, ಅಲ್ಲಿ ಮಠದ ಹೊರಗಿನ ಸಾಮಾನ್ಯರಿಗೆ ಕಲಿಸುತ್ತೇನೆ ಎನ್ನುತ್ತಾನೆ ಅವನು. ಮಠ ಅದಕ್ಕೆ ಬಹಿರಂಗವಾಗಿ ಒಪ್ಪದೆ ಅವನನ್ನು ಹೊರಗೆ ಕಳಿಸುತ್ತದೆ. ಊರಿಗೆ ಮರಳಿ, ತನ್ನ ಮನೆಯವರನ್ನು ಕೊಂದ ಸೇನಾಧಿಕಾರಿಯನ್ನು ಅವನು ಎದುರಿಸುವುದು ನಿಜ. ಆದರೆ ಚಿತ್ರ ಮುಗಿಯುವುದು ಅಲ್ಲಲ್ಲ. ದುಡಿಯುವ ಜನ ಸಾಲಾಗಿ ನಿಂತು ಕಲಿಯುವ ಮೂವತ್ತಾರನೆಯ ಕೋಣೆಯಲ್ಲಿ ಮುಗಿಯುತ್ತದೆ. ತನಗೆ ಆದ ಅನ್ಯಾಯ ಇನ್ನೊಬ್ಬನಿಗೆ ಆಗದಿರಲಿ ಎಂಬ ಕಾಳಜಿ ಸೇಡಿನ ಜಾಗವನ್ನು ತೆಗೆದುಕೊಂಡಿರುತ್ತದೆ.

ನಮ್ಮ ಊರುಗಳಲ್ಲಿ ಆ ಕೋಣೆ ಯಾವುದು ಎಂಬ ಪ್ರಶ್ನೆಯನ್ನು ನಿಮ್ಮ ಮುಂದಿಡುತ್ತೇನೆ. ನನ್ನ ಮಟ್ಟಿಗೆ ಮೂರು ಕೆಲಸಗಳಿವೆ. ಮೊದಲನೆಯದು, ಬೆಳಗಾವಿ ನಗರ ಮತ್ತು ಖಾನಾಪುರ ತಾಲೂಕಿನಲ್ಲಿ ಉಳಿದಿರುವ ತಾಲೀಮುಗಳ ವಸ್ತಾದರ ಮಾತುಗಳನ್ನು ದಾಖಲಿಸಬೇಕು. ಅವರ ಡಾವುಗಳು, ಆಹಾರದ ಲೆಕ್ಕ, ಶಿಷ್ಯರನ್ನು ತಿದ್ದಿದ ರೀತಿ ಎಲ್ಲಿಯೂ ಬರವಣಿಗೆಗೆ ಇಳಿದಿಲ್ಲದಿದ್ದರೆ ಅವರೊಂದಿಗೇ ಹೋಗುತ್ತವೆ. ಎರಡನೆಯದು, ರಾಯಣ್ಣನ ಲಾವಣಿಗಳನ್ನೂ ಸಂಗ್ಯಾ ಬಾಳ್ಯಾ ಆಟವನ್ನೂ ಕಾಲೇಜುಗಳಲ್ಲಿ ಪಠ್ಯವಾಗಿ ಓದಿಸುವುದರ ಜೊತೆಗೆ ಆಡಿಸಬೇಕು, ಹಾಡಿಸಬೇಕು. ಅವುಗಳ ಜೊತೆಯಲ್ಲೇ ಈ ಹಾಂಗ್‌ಕಾಂಗ್ ಚಿತ್ರಗಳನ್ನು ತೋರಿಸಿ, ಹುಡುಗರು ತಾವೇ ಹೋಲಿಸಿ ವಾದಿಸುವಂತೆ ಮಾಡಬೇಕು. ಮೊಬೈಲಿನಲ್ಲಿ ತುಣುಕು ತುಣುಕಾಗಿ ಬರುವ ಹೊಡೆದಾಟದಲ್ಲಿ ಕಲಿಕೆಯ ಭಾಗ ಕತ್ತರಿಸಿಹೋಗಿರುತ್ತದೆ. ಪೂರ್ತಿ ಚಿತ್ರ ನೋಡಿದವನಿಗೆ ಮಾತ್ರ ಕಾಯುವುದರ ಬೆಲೆ ತಿಳಿಯುತ್ತದೆ.

ಮೂರನೆಯದು ನನಗೆ ಎಲ್ಲಕ್ಕಿಂತ ಮುಖ್ಯ. ಕಲಿಕೆಯ ಬಾಗಿಲುಗಳು ಹೆಣ್ಣುಮಕ್ಕಳಿಗೆ ತೆರೆಯಬೇಕು. ಲಾವ್ ಕಾರ್-ಲ್ಯೂಂಗ್ ಅವರ 1977ರ ‘ಎಕ್ಸಿಕ್ಯೂಷನರ್ಸ್ ಫ್ರಮ್ ಶಾವೊಲಿನ್’ನಲ್ಲಿ ತಂದೆ ಹುಲಿಯ ವರಸೆಯೊಂದನ್ನೇ ನಂಬಿ ವರ್ಷಗಟ್ಟಲೆ ಸಾಧನೆ ಮಾಡಿ ಶತ್ರುವಿನ ಕೈಯಲ್ಲಿ ಸಾಯುತ್ತಾನೆ. ತಾಯಿ ಕಲಿಸಿದ ಕೊಕ್ಕರೆಯ ವರಸೆಯನ್ನು ತಂದೆಯದರ ಜೊತೆ ಕೂಡಿಸಿಕೊಂಡ ಮಗ ಗೆಲ್ಲುತ್ತಾನೆ. ಚೆನ್ನಮ್ಮನ ನಾಡಿಗೆ ಈ ಪಾಠವನ್ನು ಯಾರೂ ಹೊರಗಿನಿಂದ ಹೇಳಬೇಕಾಗಿರಲಿಲ್ಲ. ಆದರೂ ಎಷ್ಟು ಊರುಗಳ ತಾಲೀಮಿನಲ್ಲಿ ಹುಡುಗಿಯರು ಮಣ್ಣಿಗಿಳಿಯುತ್ತಾರೆ ಎಂದು ನಾವು ನಮ್ಮನ್ನೇ ಕೇಳಿಕೊಳ್ಳಬೇಕು.

ಅನ್ಯಾಯ ಇರುವಷ್ಟು ದಿನ ಸೇಡಿನ ಕಥೆಗಳು ಇರುತ್ತವೆ, ಇರಬೇಕು ಕೂಡ. ಸಹಿಸಿಕೋ ಎಂದು ಮಾತ್ರ ಹೇಳುವ ಸಾಹಿತ್ಯ ಬಲಾಢ್ಯರ ಸಾಹಿತ್ಯವಾಗುತ್ತದೆ. ಸಿಟ್ಟು ತಪ್ಪಲ್ಲವೆಂದು ಈ ಕಥೆಗಳು ನೊಂದವನಿಗೆ ಹೇಳುತ್ತವೆ. ಆಮೇಲೆ, ಆ ಸಿಟ್ಟನ್ನು ಹಿಡಿದುಕೊಂಡು ಬಂದವನ ಕೈಗೆ ಒಂದು ಸಲಿಕೆ ಕೊಡುತ್ತವೆ. ಸಂಘ ಸಂಸ್ಥೆಗಳ, ಶಾಲೆಗಳ, ನಮ್ಮಂಥ ಹಿರಿಯರ ಕೆಲಸವೂ ಅದೇ. ನೊಂದ ಯುವಕ ಯುವತಿಯರು ಬಾಗಿಲಿಗೆ ಬಂದಾಗ ಅವರ ಜಾತಿ, ಭಾಷೆ ಕೇಳದೆ ಒಳಗೆ ಕರೆದು ಕಲಿಸುವವರು ನಾವಾಗೋಣ. ನಾವು ಕಲಿಸದಿದ್ದರೆ ಅವರ ಸಿಟ್ಟನ್ನು ಬಳಸಿಕೊಳ್ಳುವವರು ಬೀದಿಯಲ್ಲಿ ಕಾದಿರುತ್ತಾರೆ.